ಬಿಲ್ಲೆ ಕಿತ್ತುಕೊಂಡದ್ದು

ಆಗಸ್ಟ್ ೧೪, ಗುರುವಾರ

ಸಿಟ್ಟು ಇನ್ನೂ ಇಳಿದಿಲ್ಲ. ಹಗಲಲ್ಲಿ ದುಡ್ಡು ಕೊಟ್ಟು ಕೊಂಡ ಬೀಚಿನ ಬಿಲ್ಲೆಯನ್ನು ಅಂಗಿಗೆ ಸಿಕ್ಕಿಸಿಕೊಳ್ಳದೆ ಮರಳಿಗೆ ಕಾಲಿಡಬಾರದೆಂಬುದು ಈ ನ್ಯೂಜೆರ್ಸಿ ಊರಿನ ಕಾನೂನು, ಒಪ್ಪಿದೆ. ಆದರೆ ಹೊರಟು ನಿಂತ ಅತಿಥಿಯೊಬ್ಬರು ತಮ್ಮ ಬಿಲ್ಲೆಯನ್ನು ಕೋಣೆ ಗುಡಿಸುವ ಡೆನಿತ್ಸಾಳ ಕೈಗೇ ಕೊಟ್ಟಿದ್ದರು. ಬಲ್ಗೇರಿಯಾದಿಂದ ಬಂದು ಬೇಸಿಗೆಯೆಲ್ಲ ದುಡಿದ ಹುಡುಗಿ ಒಮ್ಮೆಯೂ ನೀರಿಗಿಳಿದಿಲ್ಲ. ಮೋಟೆಲಿನ ಒಡತಿ ಗ್ರೆಚನ್ ಅದನ್ನು ಕಿತ್ತುಕೊಂಡಳು.

“ಆರು ಗಂಟೆ ಮೇಲೆ ಬೀಚು ಪುಕ್ಕಟೆ ಕಣೆ, ಆಗ ಹೋಗಿ ಬೀಳು.”

“ಆಗ ಕಾವಲಿನವರು ಇರಲ್ಲ ಮೇಡಂ. ನಂಗೆ ಈಜು ಬರಲ್ಲ.”

“ಹಾಗಾದ್ರೆ ಬಕೆಟ್ಟಲ್ಲಿ ಕಾಲಿಟ್ಕೊಂಡು ಕೂತ್ಕೊ!”

ಅಲ್ಲಿದ್ದ ಕೆಲಸದವರೆಲ್ಲ ನಕ್ಕರು. ಅವಳ ಮೇಲ್ವಿಚಾರಕಿಯಾದ ನಾನು ಬಾಯಿ ಬಿಡಲಿಲ್ಲ. ಸಿಟ್ಟು ಗ್ರೆಚನ್ ಮೇಲೆ ಮಾತ್ರವೇ? ಅಷ್ಟು ಹೊತ್ತೂ ನನ್ನ ಬಿಲ್ಲೆ ನನ್ನ ಅಂಗಿಯ ಮೇಲೇ ಇತ್ತಲ್ಲ.

ನಾಳೆ ಮಧ್ಯಾಹ್ನ ಅದು ಡೆನಿತ್ಸಾಳ ಅಂಗಿಯ ಮೇಲಿರುತ್ತದೆ. ಅವಳ ಪಾಲಿನ ಹಾಸಿಗೆಗಳನ್ನು ನಾನು ಹಾಸುತ್ತೇನೆ. ಗ್ರೆಚನ್ ಬಂದು ಕೇಳಲಿ. ಕೇಳಲೆಂದೇ ಬಾಗಿಲು ತೆರೆದಿಟ್ಟು ಹಾಸುತ್ತೇನೆ.