ಗೌರಿ ಎಮ್ಮೆಯನ್ನು ಮಾರಬೇಡ

ಸಮ್ಮೇದಣ್ಣ,

ಗೌರಿಗೆ ಔಷಧಿ ತರಲು ಚಿಕ್ಕೋಡಿಗೆ ಹೊರಟಿದ್ದೇನೆ. ನೀನು ತೋಟದಿಂದ ಬರುವತನಕ ಕಾಯಲು ಮನಸ್ಸು ನಿಲ್ಲಲಿಲ್ಲ.

ನಿನ್ನೆ ನೀನಿಲ್ಲದಾಗ ಡಾಕ್ಟರ್ ಬಂದು ನೋಡಿದರು. "ಕೆಚ್ಚಲ ಬಾವು ಐತ್ರಿ. ಈಗ ಔಷಧ ಮಾಡಿದ್ರ ಆರಾಮ ಆಗ್ತೈತಿ. ಮೊದಲ ಆ ಹಸಿ ನೆಲಾ ಒಣಗಸ್ರಿ" ಅಂದರು. ಗೌರಿಯನ್ನು ಕಟ್ಟುವ ಆ ಮೂಲೆಯಲ್ಲಿ ಗಂಜಲ ನಿಲ್ಲುತ್ತದೆ ಎಂದು ಮಳೆಗಾಲದಿಂದ ಹೇಳುತ್ತಲೇ ಇದ್ದೇನೆ. ಇವತ್ತಾದರೂ ಅದು ಹರಿದುಹೋಗಲು ದಾರಿ ಮಾಡು, ಕಬ್ಬಿನ ಒಣ ರವದಿ ಹಾಸು.

ಬೇರೆ ಎಮ್ಮೆಗಳನ್ನು ಹಿಂಡಿದ ಮೇಲೆ ಕೊನೆಗೆ ಗೌರಿಯನ್ನು ಹಿಂಡು. ಕೈಗೆ ಸಾಬೂನು ಹಚ್ಚಿ ತೊಳೆ. ಅವಳ ಹಾಲು ಸದ್ಯಕ್ಕೆ ಡೇರಿಗೆ ಬೇಡ. ಹಿಂಡಿದ ಕೂಡಲೇ ಮೇವು ಹಾಕು, ಮೊಲೆಯ ತೂತು ಮುಚ್ಚುವತನಕ ಅರ್ಧ ಗಂಟೆ ಅವಳು ಮಲಗಬಾರದು.

"ಹಾಲ ಬತ್ತಿದ ಎಮ್ಮಿ ಇಟಗೊಂಡು ಏನ ಮಾಡೂದು" ಅಂದೆಯಲ್ಲ, ಅವಳ ಹಾಲು ಬತ್ತಿಲ್ಲ. ಹುಷಾರಾದರೆ ಅರ್ಧ ಕ್ಯಾನು ಮತ್ತೆ ಅವಳೇ ತುಂಬುತ್ತಾಳೆ. ನಾಲ್ಕು ದಿನದ ಹಿಂದೆಯೇ ಹಾಲಿನಲ್ಲಿ ಮೊಸರಿನಂಥ ಗರಣೆ ಕಂಡಿದ್ದೆ, ಪರೀಕ್ಷೆಯ ಗಡಿಬಿಡಿಯಲ್ಲಿ ನಿನಗೆ ಹೇಳಲಿಲ್ಲ. ತಪ್ಪು ನನ್ನದು. ಅದಕ್ಕೆ ಅವಳನ್ನೇಕೆ ಕಳಿಸುತ್ತೀ?

ಅವಳನ್ನು ಒಯ್ಯಲು ಬರಬೇಕಿದ್ದ ದಲಾಲನಿಗೆ ನಾನೇ ಫೋನ್ ಮಾಡಿ ಬರಬೇಡಿ ಎಂದಿದ್ದೇನೆ. ಬೈಯುವುದಿದ್ದರೆ ಸಂಜೆ ಬೈ, ಎದುರು ಮಾತಾಡುವುದಿಲ್ಲ.

ಬ್ರಾಹ್ಮಿ