ಮಾದೇಶ ಅರ್ಧಕ್ಕೆ ಬಿಟ್ಟ ಹುಲಿ-ಕುರಿ ಆಟ

ಗೆಳೆಯಾ ಮಾದೇಶ,

ಡಯಾಲಿಸಿಸ್‌ಗೆಂದು ನೀನು ಹೊನ್ನೂರಿನಿಂದ ಕೊಳ್ಳೇಗಾಲಕ್ಕೆ ಬರತೊಡಗಿದ ಹೊಸದರಲ್ಲಿ, ನಾನು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳಿ ಮುಗಿಸಿ, ಆಸ್ಪತ್ರೆಗೆ ಬಂದು ನಿನ್ನ ಮಂಚದ ಪಕ್ಕ ಕೂರುತ್ತಿದ್ದೆ. ಒಂದು ಕೈ ಅಲ್ಲಾಡಿಸುವಂತಿಲ್ಲ, ಗಂಟೆಗಟ್ಟಲೆ ಮಲಗಿರಬೇಕು. ಚಿಕ್ಕಂದಿನಿಂದ ನಾವಿಬ್ಬರೂ ಆಡುತ್ತಿದ್ದ ಹುಲಿ-ಕುರಿ ಮಣೆ ತಂದರೆ ಕಾಯಿಗಳೆಲ್ಲ ಹಾಸಿಗೆಯ ಮೇಲೆ ಜಾರಿಬಿದ್ದವು. ನಿನ್ನ ಮುಖ ಸಣ್ಣದಾಯಿತು. ಅದನ್ನು ನೋಡಲಾರದೆ ಮುಂದಿನ ಸಲ, ಆಟವಾಡುವ ಎಐ ಹಾಕಿದ್ದ ಟ್ಯಾಬ್ ತಂದೆನಲ್ಲ, ನೆನಪಿದೆಯಾ?

"ಇದಕ್ಕೆ ಚೆಸ್ಸು, ಇನ್ನೂ ಏನೇನೋ ಆಟ ಬರ್ತದೆ" ಎಂದೆ. ನೀನು ಕೇಳಿದ ಮೊದಲ ಮಾತೇ, "ನಮ್ಮುಲಿ-ಕುರಿ ಬತ್ತದೇನ್ಲಾ?" ಬರುತ್ತಿರಲಿಲ್ಲ. ನಿಯಮ ಹೇಳಿಕೊಟ್ಟರೆ ಸಾಕು, ತನ್ನೊಡನೆ ತಾನೇ ಸಾವಿರಾರು ಸಲ ಆಡಿಕೊಂಡು ಯಾವ ಆಟವನ್ನಾದರೂ ಕಲಿಯುತ್ತದೆ ಎಂದು ವಿವರಿಸಿದೆ. "ಜೊತೆಗ್ ಯಾರೂ ಇಲ್ದೆ ಒಂದೇ ಆಡ್ಕತದಾ? ಪಾಪ" ಎಂದೆ ನೀನು.

ಮಲಗಿದಲ್ಲಿಂದಲೇ ನೀನು ನಿಯಮ ಹೇಳಿದೆ, ನಾನು ತುಂಬಿದೆ. ಮತ್ತೆ ಬರುವಷ್ಟರಲ್ಲಿ ಅದು ಕಲಿತಿತ್ತು. ಮೊದಲ ಆಟದಲ್ಲೇ ನಿನ್ನನ್ನು ಸೋಲಿಸಿತು. ಇರುವ ಸಂಕಟದ ಜೊತೆಗೆ ಇದೊಂದನ್ನು ಯಾಕೆ ತಂದೆನೋ ಎಂದು ನನಗೆ ಹೆದರಿಕೆ. ನೀನೋ, ಪಕ್ಕದ ಮಂಚದ ಮಾರ್ಟಳ್ಳಿ ತಾತನಿಗೆ ಕೂಗಿ ಹೇಳಿದೆ: "ತಾತಾ, ನಾನ್ ಕಲ್ಸಿದ್ ಆಟದಲ್ಲೇ ನನ್ನ ಸೋಲುಸ್ಬುಡ್ತು!" ಆ ದಿನ ನೀನು ನಕ್ಕ ನಗು... ಆಮೇಲೆ ಅದಕ್ಕೆ ಅಳಗುಳಿಮಣೆ ಕಲಿಸಿದೆ, ಚೌಕಾಬಾರ ಕಲಿಸಿದೆ. ದಿನೇ ದಿನೇ ನಿನ್ನ ಮೈ ಇಳಿಯುತ್ತಿದ್ದುದರ ಬಗ್ಗೆ ಮಾತ್ರ ನಾವಿಬ್ಬರೂ ಮಾತಾಡಲಿಲ್ಲ, ಅಲ್ಲವಾ?

ಕೊನೆಯ ಸಲ ಅದರ ಮೂರು ಹುಲಿಗಳಲ್ಲಿ ಎರಡನ್ನು ನಿನ್ನ ಕುರಿಗಳು ಕಟ್ಟಿಹಾಕಿದ್ದವು; ಇನ್ನೊಂದನ್ನು ಕಟ್ಟಿದರೆ ನೀನು ಗೆದ್ದಂತೆ. "ಸುಸ್ತಾಯ್ತದೆ ಕಣ್ಲಾ. ಇದ್ ಇಂಗೇ ಇರ್ಲಿ, ಸೋಮ್ವಾರ ಬಂದ್ ಆಡ್ತೀನಿ" ಎಂದು ಟ್ಯಾಬ್ ನನ್ನ ಕೈಗಿಟ್ಟೆ. ಸೋಮವಾರ ಆಟೋ ಯಳಂದೂರು ದಾಟುವ ಮೊದಲೇ, ಹೆಂಡತಿಯ ತೊಡೆಯ ಮೇಲೆ ನೀನು...

ನಿನ್ನ ಜಯಮ್ಮ ಅಳಲೇ ಇಲ್ಲ ಕಣೋ. ಮಣ್ಣು ಮಾಡುವಾಗಲೂ ಇಲ್ಲ, ಆಮೇಲೂ ಇಲ್ಲ. ಮನೆಯವರೆಲ್ಲ ಹೆದರಿಹೋಗಿದ್ದರು. ಹೋದ ವಾರ ನಮ್ಮ ಮನೆಗೆ ಬಂದಾಗ ನೀನು ಅರ್ಧಕ್ಕೆ ಬಿಟ್ಟ ಆ ಆಟ ತೋರಿಸಿದೆ. ಮುಚ್ಚಲು ನನಗೆ ಕೈ ಬಂದಿರಲಿಲ್ಲ. "ಅವನು ಹೆಂಗಾಡ್ತಿದ್ದ ಅಂತ ಇದಕ್ಕೆ ಗೊತ್ತವ್ವಾ. ಅವನ ಕಡೆಯಿಂದ್ಲೂ ಇದೇ ಆಡಿ ಮುಗಿಸ್ತದೆ. ಮುಗಿಸ್ಲಾ?" ಎಂದು ಕೇಳಿದೆ.

"ಬ್ಯಾಡ ಕಣಣ್ಣ. ಅದಾಡುದ್ರೆ ಅವ್ರಾಡ್ದಂಗಾಯ್ತದಾ?" ಎಂದು ಟ್ಯಾಬ್ ಈಸಿಕೊಂಡು, ತಾನೇ ಒಂದು ಕುರಿ ನಡೆಸಿದಳು.

"ನಿಂಗೂ ಬರ್ತದಾ?"

"ಮದ್ವೆಯಾದ್ ಹೊಸದ್ರಲ್ಲಿ ಅವ್ರೇ ಕಲ್ಸಿದ್ರು. ನಾನ್ ಗೆದ್ರೆ ಮುನಿಸ್ಕತಿದ್ರು. ಅದ್ಕೇ ಬುಟ್ಬುಟ್ಟೆ."

ಇಷ್ಟು ವರ್ಷದಲ್ಲಿ ಇದೊಂದನ್ನು ನನ್ನಿಂದಲೂ ಮುಚ್ಚಿಟ್ಟಿದ್ದೆಯಲ್ಲೋ!

ತುಂಬ ಹೊತ್ತು ಆಡಿದಳು. ಕಾಫಿ ಆರಿಹೋಯಿತು. ಮೂರನೆಯ ಹುಲಿಗೂ ದಾರಿಯಿಲ್ಲದಂತಾಯಿತು. ಜಯಮ್ಮ ತಟ್ಟನೆ ಪಕ್ಕಕ್ಕೆ ತಿರುಗಿದಳು. ಅಲ್ಲಿ ಖಾಲಿ ಕುರ್ಚಿ. "ಗೆದ್ದೆ ಅಂತ ಈಗ ಯಾರ್ಗೇಳ್ಲಣ್ಣಾ?" ಎಂದವಳು ಅಳತೊಡಗಿದಳು. ಸಂಜೆಯವರೆಗೂ ಅತ್ತಳು. ನಾನು ತಡೆಯಲಿಲ್ಲ.

ಅದಕ್ಕೇ ಈ ಕಾಗದ, ಮಾದೇಶ. ಜಯಮ್ಮ ಗೆದ್ದಳು.

ನಿನ್ನ
ನಾಗರಾಜ