ಅಳಿಯನ ಪಾಲಿನ ಸಕ್ಕರೆ

ಜನವರಿ ೧೧, ಶನಿವಾರ

ದೋಸೆ ಹಿಟ್ಟು ಇವತ್ತೂ ಉಬ್ಬಲಿಲ್ಲ. ಪಾತ್ರೆ ಮನೆಯೊಳಗೆ ಇಡಬಾರದಂತೆ, ವಾಸನೆ. ಗ್ಯಾರೇಜಿಗೆ ಹಾಕಿಸಿದ್ದಾರೆ. ಅಳಿಯ ಗುರುಕಿರಣ ಅದನ್ನು ಹೇಳಿದ್ದು ಮಗಳು ಮಾಧುರಿಗೆ. ನಾನು ಪಕ್ಕದಲ್ಲೇ ನಿಂತಿದ್ದೆ. ನನ್ನ ಜೊತೆ ನೇರ ಮಾತಿಲ್ಲ. ಈಗ ಚಳಿಯಲ್ಲಿ ನನ್ನ ಹಿಟ್ಟು, ಅವರು ಕೈಯಾರೆ ಮಾಡಿದ ಬಿಯರ್ ಬಾಟಲಿ, ಎರಡೂ ಒಂದೇ ಸಿಮೆಂಟಿನ ಮೇಲೆ.

ಮಾರ್ಚಿಗೆ ನನ್ನ ಅಮೆರಿಕ ವೀಸಾದ ಆರು ತಿಂಗಳು ಮುಗಿಯುತ್ತದೆ. ಅವ್ವನನ್ನು ಇಲ್ಲೇ ಇಟ್ಟುಕೊಳ್ಳೋಣ, ಕಾಯಂ ಉಳಿಯುವ ಪೇಪರ್ ಹಾಕೋಣ ಅಂತ ಮಾಧುರಿ ಗಂಡನನ್ನು ಕೇಳಿದ್ದಾಳೆ. ನೋಡೋಣ ಅಂದರಂತೆ. ಹುಬ್ಬಳ್ಳಿಯಲ್ಲಿ ತಮ್ಮನ ಹೆಂಡತಿ ನೀಲಾಬಾಯಿ ನನ್ನ ಕೋಣೆಯನ್ನು ಟ್ಯೂಷನ್ನಿಗೆ ಬಿಟ್ಟುಕೊಟ್ಟಿದ್ದಾಳೆ. ನನ್ನ ಟ್ರಂಕು ಅಟ್ಟದ ಮೇಲೆ.

ಜನವರಿ ೧೨

ಅಳಿಯನ ಆಫೀಸಿನವರು ಊಟಕ್ಕೆ ಬಂದಿದ್ದರು. ಅಳಿಯ ಬಿಯರ್ ಬಾಟಲಿ ತೆರೆದರು. ಸದ್ದಿಲ್ಲ, ನೊರೆಯಿಲ್ಲ. ವಿಕಾಸ್ ಅನ್ನುವ ಹುಡುಗ ಗ್ಲಾಸು ಮೂಸಿ ನೋಡಿದ.
"ಏನ್ ಗುರು, ಜೀರಿಗೆ ಕಷಾಯಾನಾ? ಕೆಮ್ಮಿಗೆ ಒಳ್ಳೇದು ಬಿಡು."
ಎಲ್ಲರೂ ನಕ್ಕರು. ಅಳಿಯನ ಮುಖ ಕೆಂಪಾಯಿತು. ಆಮೇಲೆ ಅವರೂ ನಕ್ಕು ನನ್ನತ್ತ ಗ್ಲಾಸು ತೋರಿಸಿದರು.
"ನಮ್ಮತ್ತಿ ದೃಷ್ಟಿ ಬಿದ್ದದ. ಅವರು ಕೈ ಇಟ್ಟಿದ್ದು ಯಾವುದೂ ಉಬ್ಬಂಗಿಲ್ಲ."
ಗಂಡ ಸತ್ತವಳ ದೃಷ್ಟಿ. ನಾನೂ ನಕ್ಕೆ. ತಟ್ಟೆ ಎತ್ತಿಕೊಂಡು ಒಳಗೆ ಬಂದೆ.

ಜನವರಿ ೧೪, ಸಂಕ್ರಾಂತಿ

ಎಳ್ಳು-ಬೆಲ್ಲ ಕೊಟ್ಟ ಮೇಲೆ ಒಳ್ಳೆಯ ಮಾತಾಡಲೇಬೇಕು. ಆ ಧೈರ್ಯದಲ್ಲಿ ಗ್ಯಾರೇಜಿಗೆ ಹೋದೆ. ಅಳಿಯ ಬಾಟಲಿಯನ್ನು ಬೆಳಕಿಗೆ ಹಿಡಿದು ನಿಂತಿದ್ದರು. ತಳದಲ್ಲಿ ಬೂದಿಯಂಥ ಹುದುಗಿನ ಗಸಿ.
"ಅದು ಸತ್ತಿಲ್ಲರೀ. ಚಳಿಗೆ ಮಲಗ್ಯದ," ಅಂದೆ.
ಬಿಸಿನೀರಿನ ಟ್ಯಾಂಕಿನ ಕಪಾಟು ತೋರಿಸಿದೆ. ನನ್ನ ಹಿಟ್ಟನ್ನು ನಿನ್ನೆ ಕದ್ದು ಅಲ್ಲೇ ಇಟ್ಟಿದ್ದೆ, ಮುಚ್ಚಳ ಎತ್ತಿ ಹೊರಗೆ ಬಂದಿತ್ತು. ನೋಡಿದರು. ಬಾಟಲಿ ಒಂದೊಂದೇ ಒಳಗೆ ಸಾಗಿಸಿದರು.

ಜನವರಿ ೨೫

ಒಂದು ತೆರೆದರು. ಚುಸ್... ಸಣ್ಣದು, ಆದರೂ ಕೇಳಿಸಿತು.
"ಅತ್ತೀ, ಕೇಳಿದ್ರೇನು?" — ನನಗೇ! ಈ ಮನೆಗೆ ಬಂದ ಮೇಲೆ ಮೊದಲ ಸಲ.

ಸಾಲದು ಅಂತ ಇಂಟರ್ನೆಟ್ಟು ಓದಿದರು. ಎಲ್ಲ ತೆರೆದು ಸಕ್ಕರೆ ಹಾಕಿ ಹೊಸ ಮುಚ್ಚಳ ಒತ್ತಿ ಮತ್ತೆ ಬೆಚ್ಚಗೆ ಇಡಬೇಕಂತೆ. ಸಕ್ಕರೆ ನನ್ನ ಪಾಲಿಗೆ ಬಂತು.
"ಅರ್ಧ ಚಮಚ, ಸಮಾ ಅಳದು ಹಾಕ್ರಿ. ಜಾಸ್ತಿ ಆದ್ರ ಬಾಟ್ಲಿ ಸಿಡೀತಾವ."

ಹಣೆಯಲ್ಲಿ ವಿಭೂತಿ, ಕೈಯಲ್ಲಿ ಹೆಂಡ. ನೀಲಾಬಾಯಿ ನೋಡಬೇಕಿತ್ತು. ಮೊದಮೊದಲು ಅಳೆದೇ ಹಾಕಿದೆ. ಅಷ್ಟರಲ್ಲಿ ಅವರಿಗೆ ಮೀಟಿಂಗು, ಒಳಗೆ ಹೋದರು. ಅರ್ಧ ಚಮಚ... ಭಿಕ್ಷೆ ಹಾಕಿದಂತೆ ಕಾಣುತ್ತಿತ್ತು. ಅಳಿಯನಿಗೆ ಅಳೆದು ಬಡಿಸುವ ಕೈ ನಮ್ಮಲ್ಲಿಲ್ಲ. ಸಾಕು ಅನ್ನುವುದು ಅವರ ಮರ್ಯಾದೆ, ಮೇಲೊಂದು ಹಾಕುವುದು ನಮ್ಮದು. ಉಳಿದವಕ್ಕೆಲ್ಲ ಗುಪ್ಪೆ ಚಮಚ ಹಾಕಿದೆ. ನೊರೆ ಉಕ್ಕಿ ಬಾಟಲಿಯ ಕೊರಳಿಗೆ ಬಂತು. ಖುಷಿಯಾಯಿತು. ಅಳಿಯ ಬಂದು ಮುಚ್ಚಳ ಒತ್ತಿದರು. ಭಾರೀ ಕೆಲಸ ಮಾಡಿದ್ರಿ ಅವ್ವಾ, ಅಂದರು. ಅವ್ವ ಅಂದರು.

ಫೆಬ್ರವರಿ ೬

ಊಟಕ್ಕೆ ಕೂತಾಗ ಅಳಿಯ ತಾವಾಗಿಯೇ ಮಾತು ತೆಗೆದರು.
"ಅವ್ವ ಇಲ್ಲೇ ಇರ್ಲಿ. ಪೇಪರ್‌ಗೆ ನಾ ಸೈನ್ ಮಾಡ್ತೇನಿ."
ಮಾಧುರಿ ಅತ್ತಳು. ಲಿವರ್‌ಮೋರ್ ಗುಡಿಗೆ ಹೋಗಿ ಕಾಯಿ ಒಡೆಸಬೇಕು. ಶನಿವಾರ ವಿಕಾಸ್ ಮತ್ತೆ ಬರುತ್ತಾನೆ. ಈ ಸಲ ನಗಲಿ ನೋಡೋಣ.

ಫೆಬ್ರವರಿ ೧೯

ಬರೆಯಲು ಆಗಿರಲಿಲ್ಲ.

ಆ ಶನಿವಾರ ಅಳಿಯ ಕಪಾಟಿನಿಂದ ಬಾಟಲಿ ಎತ್ತಿದ್ದಷ್ಟೇ. ಮುಖದ ಎದುರಿಗೇ ಸಿಡಿಯಿತು. ಅದರ ಹೊಡೆತಕ್ಕೆ ಒಳಗಿನವೂ ಸಿಡಿದವು, ಒಂದರ ಹಿಂದೊಂದು. ನಾನು ಬೋಂಡಾ ಕರಿಯುತ್ತಿದ್ದೆ.

ಅವರ ಬಲಗಣ್ಣು. ಬೆಳಕು ಕಂಡೀತು, ರೂಪ ಕಾಣದು ಅಂತಾರೆ ಡಾಕ್ಟರು. ಹಿಟ್ಟಿನ ಪಾತ್ರೆಗೆ ಎತ್ತಿಕೊಳ್ಳುವ ಮುಚ್ಚಳ ಇತ್ತು. ಬಾಟಲಿಗೆಲ್ಲಿತ್ತು.

ಸಕ್ಕರೆ ಲೆಕ್ಕ ತಪ್ಪಿದ್ದು ತಮ್ಮದೇ ಅಂತ ತಿಳಿದಿದ್ದಾರೆ. ಔಷಧಿ ಬಿಡುವಾಗ ನನ್ನ ಕೈ ಹಿಡಿದುಕೊಳ್ಳುತ್ತಾರೆ. ನನಗೆ ತಡೆದುಕೊಳ್ಳಲಾಗಲಿಲ್ಲ. ಇವತ್ತು ಅಡುಗೆಮನೆಯಲ್ಲಿ ಮಾಧುರಿಗೆ ಸಕ್ಕರೆ ಹೆಚ್ಚು ಹಾಕಿದ್ದೆಲ್ಲ ಹೇಳಿದೆ. ನಲ್ಲಿ ನಿಲ್ಲಿಸಿದಳು. ಕೈ ಒರೆಸಿಕೊಂಡಳು. ದನಿ ಎತ್ತಲಿಲ್ಲ.
"ಅವರಿಗೆ ಹೇಳಬ್ಯಾಡ. ಹೇಳಿದ್ರ ಕ್ಷಮಿಸಿಬಿಡ್ತಾರ. ನನ್ನ ಕೈಲಿ ಕ್ಷಮಿಸೋದು ಆಗಂಗಿಲ್ಲ."
ಟಿಕೆಟ್ ತೆಗೆಯುತ್ತಾಳಂತೆ. ನಾನಾಗಿಯೇ ಬೇಸತ್ತು ಹೊರಟೆ ಅನ್ನಬೇಕಂತೆ.

ಫೆಬ್ರವರಿ ೨೨

ಅಂದೆ. ಇಲ್ಲಿ ಮನಸ್ಸು ನಿಲ್ಲವಲ್ದು, ಊರಿಗೆ ಹೋಗತೇನಿ ಅಂದೆ. ಅಳಿಯ ಗೋಡೆಗೆ ಮುಖ ತಿರುವಿದರು. ಮೊದಲಿನಂತೆ ಮತ್ತೆ ಮಾತು ಬಿಟ್ಟರು.

ಫೆಬ್ರವರಿ ೨೭, ಬೆಳಿಗ್ಗೆ

ಪೆಟ್ಟಿಗೆ ಬಾಗಿಲಲ್ಲಿದೆ. ಮಾಧುರಿ ಗಾಡಿ ತೆಗೆಯುತ್ತಿದ್ದಾಳೆ. ಅಳಿಯ ಕೋಣೆಯಿಂದ ಕೂಗಿದರು.
"ಕಣ್ಣ ಹೋದವನ ಸೇವಾ ಮಾಡೋದು ಭಾರ ಆತೇನ್ರೀ ಅವ್ವಾ? ಅಷ್ಟ ಹೇಳಿ ಹೋಗ್ರಿ."
ಗಾಡಿ ಹಾರ್ನ್ ಹೊಡೆಯುತ್ತಿದೆ. ನಿಜ ಹೇಳಿಯೇ ಹೋಗುತ್ತೇನೆ. ಅವರ ಕೋಣೆಯ ಬಾಗಿಲ ತನಕ ಹೋಗಿ ಬಂದೆ. ಮತ್ತೆ ಕರೆಯುತ್ತಿದ್ದಾರೆ. ಕ್ಷಮಿಸಿಬಿಡ್ತಾರ... ಅವಳು ಅಂದದ್ದು ನಿಜವಾದರೆ ಅಳಿಯ ನನ್ನವರಾಗುತ್ತಾರೆ, ಮಗಳು ಆಗುವುದಿಲ್ಲ. ನಾನು ಅವಳಿಗೆ...